ಸೌದೆ ಒಲೆಯ ಚಿಮಣಿ ಶುಚಿಕಾರ್ಯ

ಸೌದೆ ಉರಿಸುವ ಒಲೆಯ ಹೊಗೆಯನ್ನು ಮಾಡಿನಾಚೆಗೆ ಸಾಗಿಸುವ ಚಿಮಣಿಯ ಒಳಮೈಗೆ ಹತ್ತಿದ ಮಸಿಯನ್ನೂ ಟಾರಿನಂಥ ಜಿಗುಟನ್ನೂ ಕೆರೆದು ಇಳಿಸಿ, ಹಕ್ಕಿಗೂಡು, ತರಗೆಲೆ, ಉದುರಿದ ಇಟ್ಟಿಗೆಯ ಚೂರುಗಳನ್ನು ತೆಗೆದು, ಕೊಳವೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿ ಮನೆಯವರಿಗೆ ತಿಳಿಸುವ ಕಸಬು. ಯುರೋಪ್ ಮತ್ತು ಉತ್ತರ ಅಮೆರಿಕದ ಚಳಿನಾಡುಗಳಲ್ಲಿ ಇದು ತರಬೇತಿ, ಪ್ರಮಾಣಪತ್ರಗಳಿರುವ ವೃತ್ತಿ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ಬಲವೂ ಉಂಟು. ನೋಡುವವರಿಗೆ ಇದು ಗುಡಿಸುವ ಕೆಲಸವಾಗಿ ಕಂಡರೂ ಮನೆಗೆ ಬೆಂಕಿ ಬೀಳದಂತೆ, ಮಲಗಿದವರು ವಿಷಾನಿಲಕ್ಕೆ ಸಿಕ್ಕಿ ಸಾಯದಂತೆ ಕಾಯುವ ಹೊಣೆ ಇದರಲ್ಲಿದೆ. ಚಿಮಣಿ ಕಟ್ಟಿದ ಸಮಾಜ ಅದನ್ನು ಗುಡಿಸುವ ಏರ್ಪಾಡನ್ನೂ ಮಾಡಿಕೊಳ್ಳಲೇಬೇಕು. ಆ ಏರ್ಪಾಡನ್ನು ಅಗ್ಗದಲ್ಲಿ ಮುಗಿಸಲು ಹೊರಟಾಗ ಬೆಲೆ ತೆತ್ತವರು ಬಡಮಕ್ಕಳು ಎಂಬುದು ಈ ಕಸಬಿನ ಚರಿತ್ರೆಯ ಅತಿ ನೋವಿನ ಭಾಗ.

ಮಸಿ ಕಟ್ಟುವ ಬಗೆ

ಸೌದೆ ನೇರವಾಗಿ ಉರಿಯುವುದಿಲ್ಲ. ಕಾವು ತಾಗಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಬಳಿಕ ಮರವೇ ಒಡೆದು ಅನಿಲಗಳನ್ನು ಬಿಡುತ್ತದೆ. ಜ್ವಾಲೆಯಾಗಿ ನಮಗೆ ಕಾಣುವುದು ಈ ಅನಿಲಗಳ ಉರಿ. ಗಾಳಿ ಸಾಲದಿದ್ದರೆ ಅಥವಾ ಸೌದೆ ಹಸಿಯಾಗಿ ಕಾವು ಏರದಿದ್ದರೆ ಅನಿಲಗಳ ಒಂದು ಪಾಲು ಉರಿಯದೆ ಹೊಗೆಯೊಂದಿಗೆ ಮೇಲೇರುತ್ತದೆ. ಕೊಳವೆಯ ಗೋಡೆ ತಣ್ಣಗಿದ್ದು ಹೊಗೆಯ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರಲ್ಲಿನ ಟಾರು, ಆಮ್ಲ, ನೀರಾವಿಗಳು ಗೋಡೆಯ ಮೇಲೆ ಸಾಂದ್ರಗೊಂಡು ಅಂಟುತ್ತವೆ. ಈ ಲೇಪವೇ ಕ್ರಿಯೊಸೋಟ್.

ಕಸಬುದಾರರು ಕ್ರಿಯೊಸೋಟನ್ನು ಮೂರು ಹಂತಗಳಲ್ಲಿ ಗುರುತಿಸುತ್ತಾರೆ. ಮೊದಲನೆಯದು ಪುಡಿಪುಡಿಯಾದ ಮಸಿ. ಬ್ರಷ್ ತಾಗಿದರೆ ಉದುರುತ್ತದೆ. ಎರಡನೆಯದು ಹೊಳೆಯುವ ಗಟ್ಟಿ ಹಕ್ಕಳೆ. ಇದನ್ನು ಕೀಳಲು ಗಡಸು ಉಪಕರಣ ಬೇಕು. ಮೂರನೆಯದು ಕರಗಿ ಹರಿದು ಮತ್ತೆ ಗಟ್ಟಿಯಾದ, ಗಾಜಿನ ಲೇಪದಂತೆ ಮಿನುಗುವ ಟಾರು. ಇದು ಬ್ರಷ್ಷಿಗೆ ಜಗ್ಗುವುದಿಲ್ಲ. ರಾಸಾಯನಿಕ ಪುಡಿಗಳನ್ನು ಬಳಸಿ ಇದನ್ನು ಮೊದಲು ಪೆಡಸಾಗಿಸಬೇಕು, ಇಲ್ಲವೆ ಕೊಳವೆಯೊಳಗೆ ಸುತ್ತುವ ಸರಪಳಿಗಳಿಂದ ಚಚ್ಚಿ ಕೆಡವಬೇಕು. ಎರಡೂ ಫಲಿಸದಿದ್ದರೆ ಒಳಕೊಳವೆಯನ್ನೇ ಬದಲಿಸದೆ ಗತಿಯಿಲ್ಲ.

ಈ ತೊಂದರೆ ತನ್ನಷ್ಟಕ್ಕೆ ಬೆಳೆಯುತ್ತ ಹೋಗುತ್ತದೆ. ಕಾದ ಹೊಗೆ ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ, ಏರುವಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ; ಚಿಮಣಿಯ ಸೆಳೆತವೆಂದರೆ ಇದೇ. ಮಸಿ ಕಟ್ಟಿ ಕೊಳವೆ ಕಿರಿದಾದರೆ ಸೆಳೆತ ಕುಗ್ಗುತ್ತದೆ, ಬೆಂಕಿಗೆ ಗಾಳಿ ಸಾಲದೆ ಹೊಗೆ ಹೆಚ್ಚುತ್ತದೆ, ಹೆಚ್ಚಿದ ಹೊಗೆ ನಿಧಾನವಾಗಿ ಸಾಗುತ್ತ ಆರಿ ಇನ್ನಷ್ಟು ಮಸಿ ಕಟ್ಟುತ್ತದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕುವ ಸೌದೆಯಲ್ಲಿ ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿರಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣಕ್ಕೆ. ಸೌದೆಯನ್ನು ಸೀಳಿ, ಮಳೆ ಬೀಳದಂತೆ ಮರೆಮಾಡಿ, ಗಾಳಿಯಾಡಲು ಬಿಟ್ಟು ಒಣಗಿಸುವ ಮನೆಯ ಚಿಮಣಿಯಲ್ಲಿ ಮಸಿ ಕಡಿಮೆ.

ಎರಡು ಅಪಾಯಗಳು

ಕ್ರಿಯೊಸೋಟ್ ಒಳ್ಳೆಯ ಇಂಧನ. ಒಲೆಯಿಂದ ಹಾರಿದ ಕಿಡಿಯೊಂದು ಅದಕ್ಕೆ ತಗುಲಿದರೆ ಚಿಮಣಿಯೊಳಗೇ ಬೆಂಕಿ ಹೊತ್ತುತ್ತದೆ. ಕಾವು 1000 ಡಿಗ್ರಿ ದಾಟಬಹುದು. ಭೋರೆಂಬ ಸದ್ದು, ಕಂಪಿಸುವ ಕೊಳವೆ, ಮಾಡಿನ ಮೇಲೆ ಏಳುವ ಕಿಡಿಗಳು ಇದರ ಗುರುತು. ಆದರೆ ಎಲ್ಲ ಚಿಮಣಿ ಬೆಂಕಿಗಳೂ ಹೀಗೆ ಸಾರಿ ಹೇಳುವುದಿಲ್ಲ. ಗಾಳಿ ಸಾಲದ ಕಡೆ ಅದು ಸದ್ದಿಲ್ಲದೆ ಉರಿದು ಆರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆ ಹೊತ್ತಿಗೆ ಒಳಗಿನ ಸುಟ್ಟಮಣ್ಣಿನ ಹಂಚುಗಳು ಸೀಳಿರುತ್ತವೆ, ಗಾರೆ ಉದುರಿರುತ್ತದೆ. ಮುಂದೊಮ್ಮೆ ಬೆಂಕಿ ಹೊತ್ತಿದಾಗ ಆ ಸೀಳುಗಳ ಮೂಲಕ ಕಾವು ನೇರ ಮಾಡಿನ ತೊಲೆಗಳನ್ನು ಮುಟ್ಟುತ್ತದೆ. ಮನೆ ಸುಡುವುದು ಬಹಳ ಸಲ ಈ ಎರಡನೆಯ ಬೆಂಕಿಯಲ್ಲಿ. ಅನುಭವಿ ಕಸಬುದಾರ ಮೊದಲ ಬೆಂಕಿಯ ಕುರುಹುಗಳನ್ನು, ಎಂದರೆ ಜೇನುಹುಟ್ಟಿನಂತೆ ಉಬ್ಬಿದ ಬೂದುಬಣ್ಣದ ಕ್ರಿಯೊಸೋಟು, ಸೊಟ್ಟಗಾದ ಲೋಹದ ಮುಚ್ಚಳ, ಒಡೆದ ಹಂಚು ಇವನ್ನು ಕಂಡು ಎಚ್ಚರಿಸುತ್ತಾನೆ.

ಇನ್ನೊಂದು ಅಪಾಯ ಇಂಗಾಲದ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಕ್ಕಿಗೂಡಿನಿಂದಲೋ ಮಸಿಯಿಂದಲೋ ಚಿಮಣಿ ಕಟ್ಟಿಕೊಂಡರೆ ಅನಿಲ ಕೋಣೆಗೇ ಹಿಂತಿರುಗುತ್ತದೆ. ರಾತ್ರಿ ಒಲೆಯ ಗಾಳಿಕಂಡಿಯನ್ನು ಪೂರ್ತಿ ಮುಚ್ಚಿ ಕೆಂಡವನ್ನು ಮೆಲ್ಲಗೆ ಉರಿಯಬಿಟ್ಟು ಮಲಗುವ ಅಭ್ಯಾಸ ಆದಕಾರಣ ಎರಡು ಬಗೆಯಲ್ಲಿ ಕೆಟ್ಟದ್ದು: ಮಸಿಯೂ ಹೆಚ್ಚು, ವಿಷವೂ ಹೆಚ್ಚು. ತಲೆನೋವು, ವಾಕರಿಕೆ, ಮಂಪರು ಮನೆಯ ಎಲ್ಲರಿಗೂ ಒಟ್ಟಿಗೇ ಬಂದರೆ ಮೊದಲು ಎಲ್ಲರನ್ನೂ ಹೊರಗೆ ಕರೆದೊಯ್ಯಬೇಕು. ಕಾರಣ ಹುಡುಕುವುದು ಆಮೇಲೆ.

ಕೆಲಸ ನಡೆಯುವ ಕ್ರಮ

ಗುಡಿಸುವವನು ಬರುವ ಹಿಂದಿನ ದಿನವೇ ಒಲೆ ಆರಿಸಿರಬೇಕು. ಬಂದವನು ಒಲೆಯ ಸುತ್ತ ಬಟ್ಟೆ ಹಾಸಿ, ಒಳಗಿನ ಹೊಗೆ ತಡೆಯುವ ತಗಡನ್ನು ಬಿಚ್ಚಿ, ಬಾಯಿಗೆ ಪರದೆ ಬಿಗಿಯುತ್ತಾನೆ. ನುಣ್ಣನೆಯ ಮಸಿಯನ್ನೂ ಹಿಡಿದಿಡುವ ಶೋಧಕವುಳ್ಳ ವ್ಯಾಕ್ಯೂಮ್ ಯಂತ್ರ ಆಗಿನಿಂದಲೇ ಓಡುತ್ತಿರುತ್ತದೆ. ಪರದೆಯ ಕಂಡಿಯಿಂದ ಬ್ರಷ್ಷನ್ನು ತೂರಿಸಿ, ಅದರ ಹಿಂದೆ ಒಂದಕ್ಕೊಂದು ತಿರುಪಿನಿಂದ ಕೂಡಿಸಿದ ಬಳುಕುವ ಸರಳುಗಳನ್ನು ಸೇರಿಸುತ್ತ ಮೇಲಕ್ಕೆ ತಳ್ಳುತ್ತಾನೆ. ಸರಳುಗಳನ್ನು ಯಾವಾಗಲೂ ಬಲಕ್ಕೇ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ತಿರುಪು ಬಿಚ್ಚಿ ಬ್ರಷ್ ಕೊಳವೆಯ ನಡುವೆಯೇ ಉಳಿದುಬಿಡುತ್ತದೆ; ಅದನ್ನು ತೆಗೆಯಲು ಗೋಡೆ ಒಡೆಯಬೇಕಾಗಿ ಬಂದದ್ದುಂಟು. ಬ್ರಷ್ ಚಿಮಣಿಯ ನೆತ್ತಿಯಲ್ಲಿ ಇಣುಕಿತೇ ಎಂದು ಅಂಗಳಕ್ಕೆ ಓಡಿ ನೋಡುವುದು ಇಂಗ್ಲೆಂಡಿನ ಮಕ್ಕಳಿಗೆ ಇಂದಿಗೂ ಸಂಭ್ರಮ.

ಇಟ್ಟಿಗೆ, ಹಂಚಿನ ಕೊಳವೆಗೆ ಉಕ್ಕಿನ ತಂತಿಯ ಬ್ರಷ್ ಸರಿ. ಸ್ಟೇನ್‌ಲೆಸ್ ಉಕ್ಕಿನ ಒಳಕೊಳವೆಗೆ ಅದು ಗೀರು ಹಾಕುವುದರಿಂದ ಪ್ಲಾಸ್ಟಿಕ್ ಎಳೆಗಳ ಬ್ರಷ್ ಬೇಕು. ಈಚೆಗೆ ಡ್ರಿಲ್ ಯಂತ್ರಕ್ಕೆ ಜೋಡಿಸಿದ ನೈಲಾನ್ ಸರಳಿನ ತುದಿಯಲ್ಲಿ ದಾರಗಳು ಚಾಟಿಯಂತೆ ಸುತ್ತುತ್ತ ಗೋಡೆ ಕೆರೆಯುವ ಪದ್ಧತಿ ಬಳಕೆಗೆ ಬಂದಿದೆ. ಜರ್ಮನಿ ಮತ್ತು ನಾರ್ಡಿಕ್ ದೇಶಗಳಲ್ಲಿ ಮಾಡು ಹತ್ತಿ, ಕಬ್ಬಿಣದ ಗುಂಡು ಕಟ್ಟಿದ ಬ್ರಷ್ಷನ್ನು ಹಗ್ಗದಿಂದ ಮೇಲಿನಿಂದ ಇಳಿಬಿಡುವ ಹಳೆಯ ರೂಢಿ ಇನ್ನೂ ಇದೆ.

ಗುಡಿಸಿದ ಮೇಲಿನ ಕೆಲಸವೇ ಕಸಬುದಾರನ ಯೋಗ್ಯತೆಯನ್ನು ತೋರಿಸುವುದು. ಹೊಗೆಗುಳಿಗೆ ಹಚ್ಚಿ ಹೊಗೆ ಸರಾಗವಾಗಿ ಹೋಗುತ್ತಿದೆಯೇ, ಮಹಡಿಯ ಕೋಣೆಯಲ್ಲಿ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದು, ಸಂಶಯವಿದ್ದರೆ ಕ್ಯಾಮೆರಾ ಇಳಿಸಿ ಒಳಗೋಡೆಯನ್ನು ಪರೀಕ್ಷಿಸುವುದು, ಒಲೆಯ ಬಾಗಿಲಿನ ಹಗ್ಗದ ಬಿಗಿ ಸಡಿಲಾಗಿದೆಯೇ ಎಂದು ಪರಿಶೀಲಿಸುವುದು, ಸೌದೆಯ ತೇವಾಂಶ ಅಳೆದು ಹೇಳುವುದು ಇದರಲ್ಲಿ ಸೇರುತ್ತವೆ. ಕೊನೆಗೆ ಬರಹದಲ್ಲಿ ಪ್ರಮಾಣಪತ್ರ ಕೊಡುತ್ತಾನೆ. ಬ್ರಿಟನ್ನಿನಲ್ಲಿ ಬೆಂಕಿ ವಿಮೆಯ ಹಣ ಕೇಳುವಾಗ ಈ ಪತ್ರವನ್ನು ಕೇಳುವ ಕಂಪನಿಗಳಿವೆ. ಕಣ್ಣಳತೆಯಲ್ಲಿ ನೋಡಿ ಹಣ ಪಡೆದು ಹೋಗುವವನನ್ನು ಮತ್ತೆ ಕರೆಯಬಾರದು.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 211ನೆಯ ಸಂಖ್ಯೆಯ ಮಾನಕ ಪ್ರತಿ ಚಿಮಣಿಯನ್ನೂ ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷಿಸಬೇಕೆನ್ನುತ್ತದೆ, ಪರೀಕ್ಷೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಏನೂ ಬದಲಾಗದೆ ನಡೆಯುತ್ತಿರುವ ಒಲೆಗೆ ಮೊದಲ ದರ್ಜೆ ಸಾಕು. ಮನೆ ಕೈಬದಲಾದಾಗ, ಒಲೆ ಅಥವಾ ಇಂಧನ ಬದಲಾಯಿಸಿದಾಗ, ಬೆಂಕಿ ಇಲ್ಲವೆ ಭೂಕಂಪದ ನಂತರ ಎರಡನೆಯದು ಬೇಕು. ಗೋಡೆಯನ್ನೋ ಮಾಡನ್ನೋ ಬಿಚ್ಚಿ ನೋಡುವುದು ಮೂರನೆಯದು. ಮಸಿಯ ದಪ್ಪ ಸುಮಾರು 3 ಮಿಲಿಮೀಟರ್ ಮುಟ್ಟಿದರೆ ಗುಡಿಸಲೇಬೇಕೆಂಬುದು ಅಲ್ಲಿನ ಕಸಬುದಾರರ ನಿಯಮ. ಗಾಜಿನಂಥ ಲೇಪ ಕಂಡರೆ ದಪ್ಪ ಎಷ್ಟೆಂದು ನೋಡುತ್ತ ಕೂರುವಂತಿಲ್ಲ.

ಕರೆಸಲು ಒಳ್ಳೆಯ ಕಾಲ ಚಳಿ ಮುಗಿದ ಕೂಡಲೆ. ಮಸಿಯಲ್ಲಿನ ಆಮ್ಲ ಬೇಸಿಗೆಯ ತೇವದೊಡನೆ ಕೂಡಿ ಲೋಹವನ್ನೂ ಗಾರೆಯನ್ನೂ ತಿನ್ನುತ್ತದೆ, ಮನೆಯೊಳಗೆ ಕಮಟು ವಾಸನೆ ಹರಡುತ್ತದೆ. ಶರತ್ಕಾಲದಲ್ಲಿ ಎಲ್ಲರೂ ಒಟ್ಟಿಗೆ ಕರೆಯುವುದರಿಂದ ಕಸಬುದಾರರು ಸಿಗುವುದೂ ಕಷ್ಟ. ಉತ್ತರ ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಚಿಮಣಿಗಳ ಒಳಗೋಡೆಗೆ ಕಡ್ಡಿಗಳನ್ನು ಎಂಜಲಿನಿಂದ ಅಂಟಿಸಿ ಗೂಡು ಕಟ್ಟುವ ಬಾನಾಡಿ ಜಾತಿಯ ಹಕ್ಕಿಯೊಂದಿದೆ. ಚಳಿಗಾಲಕ್ಕೆ ಅದು ದಕ್ಷಿಣ ಅಮೆರಿಕಕ್ಕೆ ಹೋಗುತ್ತದೆ. ವಲಸೆ ಹಕ್ಕಿಗಳ ರಕ್ಷಣೆಯ 1918ರ ಕಾಯಿದೆ ಅದರ ಮೊಟ್ಟೆ ಮರಿಗಳಿರುವ ಗೂಡನ್ನು ಕೀಳುವುದನ್ನು ತಡೆಯುತ್ತದೆ. ಅವು ಬರುವ ಮುಂಚೆಯೇ ಗುಡಿಸಬೇಕು, ಇಲ್ಲವೆ ಹಾರಿಹೋಗುವವರೆಗೆ ಕಾಯಬೇಕು.

ಚರಿತ್ರೆ

ಮಧ್ಯಯುಗದ ಯುರೋಪಿನ ಮನೆಗಳಲ್ಲಿ ಬೆಂಕಿ ನಡುಮನೆಯಲ್ಲಿ ಉರಿಯುತ್ತಿತ್ತು, ಹೊಗೆ ಮಾಡಿನ ಕಂಡಿಯಿಂದ ಹೋಗುತ್ತಿತ್ತು. ಗೋಡೆಯೊಳಗೆ ಕಟ್ಟಿದ ಹೊಗೆಕೊಳವೆಗಳು 12ನೆಯ ಶತಮಾನದ ಕೋಟೆಗಳಲ್ಲಿ ಕಾಣಿಸಿಕೊಂಡವು. ಸಾಮಾನ್ಯರ ಮನೆಗೆ ಬಂದದ್ದು 16 ಮತ್ತು 17ನೆಯ ಶತಮಾನಗಳಲ್ಲಿ. ಇಂಗ್ಲೆಂಡಿನಲ್ಲಿ ಸೌದೆಯ ಜಾಗಕ್ಕೆ ಕಲ್ಲಿದ್ದಲು ಬಂದಾಗ ಕೊಳವೆಗಳು ಕಿರಿದಾದವು. 1666ರ ಲಂಡನ್ ಮಹಾಬೆಂಕಿಯ ಬಳಿಕ ನಗರವನ್ನು ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು. ಹಲವು ಅಂತಸ್ತುಗಳ ಮನೆಗಳಲ್ಲಿ ಹಲವು ಒಲೆಗಳ ಕೊಳವೆಗಳು ತಿರುಗುತ್ತ ಬಾಗುತ್ತ ಒಂದೇ ಕಂಬಕ್ಕೆ ಸೇರಿದವು. 14 ಅಂಗುಲ ಉದ್ದ, 9 ಅಂಗುಲ ಅಗಲದ ಕೊಳವೆ ವಾಡಿಕೆಯಾಯಿತು, ಕೆಲವು ಅದಕ್ಕಿಂತಲೂ ಚಿಕ್ಕವು. ಅದರೊಳಗೆ ದೊಡ್ಡವರು ಹೋಗಲಾರರು. ಮಕ್ಕಳನ್ನು ಹತ್ತಿಸಿದರು.

ಅನಾಥರನ್ನೂ ಬಡವರ ಮಕ್ಕಳನ್ನೂ ಕಸಬು ಕಲಿಸುವ ಹೆಸರಲ್ಲಿ ಯಜಮಾನರಿಗೆ ಒಪ್ಪಿಸಲಾಗುತ್ತಿತ್ತು. ಐದಾರು ವರ್ಷದ ಹುಡುಗರು, ಕೆಲವೊಮ್ಮೆ ಹುಡುಗಿಯರು ಮೊಣಕಾಲು ಮೊಣಕೈಗಳನ್ನು ಗೋಡೆಗೆ ಒತ್ತುತ್ತ ಕತ್ತಲಲ್ಲಿ ಮೇಲೇರಿ, ಕೈಬ್ರಷ್ಷಿನಿಂದ ಮಸಿ ಕೆರೆದು ತಲೆಯ ಮೇಲೆ ಸುರಿದುಕೊಳ್ಳಬೇಕಿತ್ತು. ಕಿತ್ತುಹೋದ ಚರ್ಮ ಗಡಸಾಗಲೆಂದು ಉಪ್ಪುನೀರು ತಿಕ್ಕಿ ಬೆಂಕಿಯ ಮುಂದೆ ನಿಲ್ಲಿಸುತ್ತಿದ್ದರು. ತಿರುವಿನಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರಿದ್ದರು. ರಾತ್ರಿ ಅದೇ ಮಸಿಚೀಲಗಳ ಮೇಲೆ ಮಲಗುತ್ತಿದ್ದರು. ಲಂಡನ್ನಿನ ಸೇಂಟ್ ಬಾರ್ತೊಲೊಮ್ಯು ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಈ ಕಸಬಿನವರಿಗೆ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಗುರುತಿಸಿ ಅದಕ್ಕೆ ಮಸಿಯೇ ಕಾರಣವೆಂದು ಬರೆದ. ದುಡಿಮೆಗೂ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಶಾಸ್ತ್ರ ಮೊದಲು ಕಂಡದ್ದು ಈ ಕಸಬಿನವರ ಮೈಯಲ್ಲಿ. ಜಪಾನಿನ ವಿಜ್ಞಾನಿಗಳಾದ ಯಾಮಾಗಿವಾ ಮತ್ತು ಇಚಿಕಾವಾ 1915ರಲ್ಲಿ ಮೊಲದ ಕಿವಿಗೆ ಟಾರು ಬಳಿದು ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. 1930ರ ದಶಕದಲ್ಲಿ ಟಾರಿನಿಂದ ಬೆಂಜೊಪೈರೀನ್ ಎಂಬ ದೋಷಕಾರಿ ವಸ್ತುವನ್ನು ಬೇರ್ಪಡಿಸಲಾಯಿತು.

ಇಂಗ್ಲೆಂಡಿನಲ್ಲಿ ಕಾನೂನುಗಳಿಗೆ ಕೊರತೆಯಿರಲಿಲ್ಲ. ಜೋನಾಸ್ ಹ್ಯಾನ್‌ವೇ ಮತ್ತಿತರರ ಹೋರಾಟದಿಂದ 1788ರಲ್ಲಿ ಮೊದಲ ಕಾಯಿದೆ ಬಂದು ಎಂಟು ವರ್ಷದೊಳಗಿನವರನ್ನು ಕೆಲಸಕ್ಕೆ ಸೇರಿಸಕೂಡದೆಂದಿತು. ಯಜಮಾನರು ಪರವಾನಗಿ ಪಡೆಯಬೇಕೆಂಬ ವಿಧಿಯನ್ನು ಪ್ರಭುಗಳ ಸಭೆ ಹೊಡೆದುಹಾಕಿತು. 1840ರ ಕಾಯಿದೆ 21 ವರ್ಷದೊಳಗಿನ ಯಾರೂ ಚಿಮಣಿ ಹತ್ತಬಾರದೆಂದಿತು. 1864ರಲ್ಲಿ ಸಮಾಜಸುಧಾರಕ ಶಾಫ್ಟ್ಸ್‌ಬರಿಯ ಪ್ರಯತ್ನದಿಂದ ದಂಡ ಹೆಚ್ಚಿತು. ಜಾರಿ ಮಾಡುವವರಿಲ್ಲದೆ ಮೂರೂ ಸೋತವು. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್‌ಬರ್ನ್ ಆಸ್ಪತ್ರೆಯ ಕೊಳವೆಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸಿಕ್ಕಿಕೊಂಡ; ಗೋಡೆ ಒಡೆದು ತೆಗೆದರೂ ಉಳಿಯಲಿಲ್ಲ. ಅದೇ ವರ್ಷ ಶಾಫ್ಟ್ಸ್‌ಬರಿ ತಂದ ಕಾಯಿದೆ ಪ್ರತಿಯೊಬ್ಬ ಕಸಬುದಾರನೂ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಆಗಷ್ಟೇ ಈ ಪದ್ಧತಿ ನಿಂತಿತು.

ಮಕ್ಕಳಿಲ್ಲದೆ ಈ ಕೆಲಸ ಆಗುವುದಿಲ್ಲವೆಂಬ ವಾದ ಸುಳ್ಳಾಗಿತ್ತು. ಜಾರ್ಜ್ ಸ್ಮಾರ್ಟ್ ಎಂಬವ ಸರಳು ಜೋಡಿಸಿ ತಳ್ಳುವ ಬ್ರಷ್ಷನ್ನು 1803ರಲ್ಲೇ ಮಾಡಿದ್ದ; ಜೋಸೆಫ್ ಗ್ಲಾಸ್ 1828ರಲ್ಲಿ ಅದನ್ನು ಸುಧಾರಿಸಿದ, ಇಂದಿನ ಸರಳು ಬ್ರಷ್ಷುಗಳು ಅದೇ ವಂಶದವು. ಯಂತ್ರ ಕೈಗೆ ಬಂದ ಮೇಲೂ 72 ವರ್ಷ ಮಕ್ಕಳು ಚಿಮಣಿ ಹತ್ತುತ್ತಲೇ ಇದ್ದರು. ಯಂತ್ರದಿಂದ ರತ್ನಗಂಬಳಿ ಕೊಳೆಯಾದೀತೆಂದು ಸಿರಿವಂತರು ಹುಡುಗರನ್ನೇ ಕೇಳಿ ಕರೆಸಿದರು, ನ್ಯಾಯಾಧೀಶರ ಮನೆಗಳೂ ಅದಕ್ಕೆ ಹೊರತಾಗಿರಲಿಲ್ಲ. ತಿರುವುಗಳನ್ನು ಸರಿಪಡಿಸುವ ಖರ್ಚಿಗೆ ಹೋಲಿಸಿದರೆ ಬಡವರ ಮಗು ಅಗ್ಗ ಎಂದು ಒಂದು ದೇಶ ಮುಕ್ಕಾಲು ಶತಮಾನ ಲೆಕ್ಕ ಹಾಕಿತು. ಇದಕ್ಕೆ ಅಜ್ಞಾನದ ನೆವ ಹೇಳಲಾಗದು. ವಿಲಿಯಂ ಬ್ಲೇಕ್ 1789 ಮತ್ತು 1794ರ ಸಂಕಲನಗಳಲ್ಲಿ ಈ ಮಕ್ಕಳನ್ನು ಕುರಿತು ಕವಿತೆ ಬರೆದ; ಚಾರ್ಲ್ಸ್ ಕಿಂಗ್ಸ್‌ಲಿಯ 'ದಿ ವಾಟರ್ ಬೇಬೀಸ್' ಕಾದಂಬರಿಯ ನಾಯಕ ಇಂಥ ಹುಡುಗ.

ಆಲ್ಪ್ಸ್ ಪರ್ವತದ ತಪ್ಪಲಿನಲ್ಲೂ ಇದೇ ಬಗೆಯ ಕಥೆ. ಸ್ವಿಟ್ಜರ್ಲೆಂಡಿನ ಟಿಚೀನೊ, ಇಟಲಿಯ ವಿಜೆತ್ಸೊ ಕಣಿವೆಗಳ ಬಡ ಕುಟುಂಬಗಳ ಮಕ್ಕಳು ಚಳಿಗಾಲಕ್ಕೆ ಮಿಲಾನ್ ಮೊದಲಾದ ನಗರಗಳಿಗೆ ಚಿಮಣಿ ಹತ್ತಲು ಹೋಗುತ್ತಿದ್ದರು. ವಿಜೆತ್ಸೊ ಕಣಿವೆಯ ಸಾಂತಾ ಮರಿಯಾ ಮಜೋರೆ ಊರಿನಲ್ಲಿ ಅವರ ನೆನಪಿಗೆ ವಸ್ತುಸಂಗ್ರಹಾಲಯವಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಅನೇಕ ದೇಶಗಳ ಕಸಬುದಾರರು ಕಪ್ಪು ಉಡುಪಿನಲ್ಲಿ ಅಲ್ಲಿ ಮೆರವಣಿಗೆ ನಡೆಸುತ್ತಾರೆ.

ಕಾನೂನು ಮತ್ತು ಸಂಘಟನೆ

ಜರ್ಮನಿಯಲ್ಲಿ ಈ ಕಸಬು ಅರೆಸರ್ಕಾರಿ. ದೇಶವನ್ನು ಚಿಕ್ಕ ಚಿಕ್ಕ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ಒಬ್ಬ ಅಧಿಕೃತ ಕಸಬುದಾರನನ್ನು ನೇಮಿಸಲಾಗಿದೆ. ಆತ ಏಳು ವರ್ಷಗಳಲ್ಲಿ ಎರಡು ಸಲ ಪ್ರತಿ ಮನೆಯ ಒಲೆ, ಚಿಮಣಿಗಳನ್ನು ಪರಿಶೀಲಿಸಿ, ಯಾವುದನ್ನು ಯಾವಾಗ ಗುಡಿಸಬೇಕೆಂದು ಲಿಖಿತ ಆಜ್ಞೆ ಕೊಡುತ್ತಾನೆ. ಚಳಿಗಾಲದಲ್ಲಿ ಕ್ರಮವಾಗಿ ಉರಿಸುವ ಸೌದೆ ಒಲೆಗೆ ವರ್ಷಕ್ಕೆ ಮೂರು ಸಲ ಗುಡಿಸುವುದು ಕಡ್ಡಾಯ, ವರ್ಷವಿಡೀ ಉರಿಯುವುದಕ್ಕೆ ನಾಲ್ಕು ಸಲ. ಹಿಂದೆ ಗುಡಿಸುವ ಕೆಲಸವೂ ಆ ಒಬ್ಬನ ಏಕಸ್ವಾಮ್ಯವಾಗಿತ್ತು. 2013ರಿಂದ ಅರ್ಹತೆಯುಳ್ಳ ಯಾರನ್ನಾದರೂ ಕರೆಯಬಹುದು. ಫಿನ್ಲೆಂಡ್ ಕೂಡ 2019ರಲ್ಲಿ ವಲಯ ಪದ್ಧತಿಯನ್ನು ಕೈಬಿಟ್ಟಿತು, ವರ್ಷಕ್ಕೊಮ್ಮೆ ಗುಡಿಸುವ ಕಡ್ಡಾಯವನ್ನು ವಾಸದ ಮನೆಗಳಿಗೆ ಉಳಿಸಿಕೊಂಡಿತು. ಬ್ರಿಟನ್ನಿನಲ್ಲಿ ಇಂದು ಯಾರು ಬೇಕಾದರೂ ಈ ಕೆಲಸಕ್ಕೆ ಇಳಿಯಬಹುದು. ವೃತ್ತಿಸಂಘಗಳ ಸದಸ್ಯತ್ವವೇ ಗಿರಾಕಿಗೆ ಆಧಾರ. ಈ ಎಲ್ಲದರಲ್ಲಿ ಜರ್ಮನಿಯ ಮಾದರಿ ಮೇಲು, ಏಕೆಂದರೆ ಅಲ್ಲಿ ಚಿಮಣಿಯ ಸುರಕ್ಷತೆ ಮನೆಯವನ ಮರೆವಿನ ಮೇಲೆ ನಿಂತಿಲ್ಲ.

ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1735ರಷ್ಟು ಹಿಂದೆಯೇ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಈ ಕಸಬಿನವರಿಗೆ ಪರವಾನಗಿ ಬೇಕೆಂದು ಬರೆದಿದ್ದ. ತೈಲ, ಅನಿಲಗಳು ಮನೆ ಕಾಯಿಸತೊಡಗಿದ ಮೇಲೆ ಅಲ್ಲಿ ಕಸಬು ಬಹುಮಟ್ಟಿಗೆ ಕ್ಷೀಣಿಸಿತು. 1973ರ ತೈಲ ಬಿಕ್ಕಟ್ಟು ಜನರನ್ನು ಮತ್ತೆ ಸೌದೆಯತ್ತ ತಿರುಗಿಸಿತು. ಆಗ ಮಾರಾಟವಾದ ಗಾಳಿಬಿಗಿ ಕಬ್ಬಿಣದ ಒಲೆಗಳು ಮೆಲ್ಲಗೆ ಹೊಗೆಯಾಡುತ್ತ ಚಿಮಣಿಗಳಲ್ಲಿ ವಿಪರೀತ ಕ್ರಿಯೊಸೋಟ್ ಕಟ್ಟಿಸಿದವು, ಬೆಂಕಿ ಅನಾಹುತಗಳು ಹೆಚ್ಚಿದವು. ಕಸಬಿಗೆ ಮರುಜೀವ ಬಂತು. 1983ರಲ್ಲಿ ಚಿಮಣಿ ಸುರಕ್ಷಾ ಸಂಸ್ಥೆಯೊಂದು ಸ್ಥಾಪನೆಯಾಗಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡತೊಡಗಿತು. 1988ರಲ್ಲಿ ಒಲೆಯ ಹೊಗೆಗೆ ಮೊದಲ ರಾಷ್ಟ್ರೀಯ ಮಿತಿ ಬಂತು. 2020ರಿಂದ ಹೊಸ ಒಲೆ, ಪರೀಕ್ಷೆಯ ಬಗೆಯನ್ನು ಅನುಸರಿಸಿ, ಗಂಟೆಗೆ 2 ಅಥವಾ 2.5 ಗ್ರಾಮಿಗಿಂತ ಹೆಚ್ಚು ಹೊಗೆಕಣ ಬಿಡುವಂತಿಲ್ಲ. ಹೊಸ ಒಲೆಗಳಲ್ಲಿ ಮಸಿ ಕಡಿಮೆ ಕಟ್ಟುತ್ತದೆ, ಆದರೆ ಕಟ್ಟದೇ ಇರುವುದಿಲ್ಲ.

ಜರ್ಮನಿ, ಪೋಲೆಂಡ್, ಎಸ್ಟೋನಿಯಾ ಕಡೆಗಳಲ್ಲಿ ಚಿಮಣಿ ಗುಡಿಸುವವನು ಎದುರಾದರೆ ಶುಭವೆಂಬ ನಂಬಿಕೆ ಇದೆ. ಅವನ ಕೋಟಿನ ಗುಂಡಿ ಮುಟ್ಟುವವರಿದ್ದಾರೆ, ಹೊಸವರ್ಷದ ಕಾರ್ಡುಗಳಲ್ಲಿ ಅವನ ಚಿತ್ರವಿರುತ್ತದೆ. ಆದರೆ ಅವನ ಆರೋಗ್ಯಕ್ಕೆ ಈ ಕಸಬು ಇಂದಿಗೂ ನಿರಪಾಯವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಚಿಮಣಿ ಗುಡಿಸುವವರು ಎದುರಿಸುವ ಮಸಿಯನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಮುಖಗವಸು, ಕೈಗವಸು, ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯದಿರುವುದು ಇವು ಅನಿವಾರ್ಯ.

ಕರ್ನಾಟಕದಲ್ಲಿ

ಕನ್ನಡನಾಡಿನ ಹಳೆಯ ಅಡುಗೆಮನೆಗಳಲ್ಲಿ ಹೊಗೆ ಬೆಳಕಿಂಡಿಯಿಂದ, ಹಂಚಿನ ಸಂದುಗಳಿಂದ ಹೋಗುತ್ತಿತ್ತು. ಜಂತಿಗೆ ಇಲ್ಲಣ ಕಟ್ಟುತ್ತಿತ್ತು, ಹಬ್ಬಕ್ಕೆ ಮುಂಚೆ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಹೊಡೆಯುತ್ತಿದ್ದರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬ್ರಿಟಿಷರು ಕಟ್ಟಿದ ಬಂಗಲೆಗಳಿಗೆ ಚಿಮಣಿ ಇತ್ತು, ಆದರೆ ಗುಡಿಸುವುದು ಪ್ರತ್ಯೇಕ ಕಸಬಾಗಿ ಇಲ್ಲಿ ಬೆಳೆಯಲಿಲ್ಲ.

ಸಾಮಾನ್ಯರ ಅಡುಗೆಮನೆಗೆ ಚಿಮಣಿಯನ್ನು ದೊಡ್ಡ ಪ್ರಮಾಣದಲ್ಲಿ ತರಲು ನಡೆದ ಪ್ರಯತ್ನ ಅಸ್ತ್ರ ಒಲೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ 1980ರ ದಶಕದಲ್ಲಿ ಮೂರು ಪಾತ್ರೆ ಕೂರುವ, ಕಡಿಮೆ ಸೌದೆಯ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಈ ಒಲೆಯನ್ನು ರೂಪಿಸಿತು. ಕಣ್ಣುರಿ, ಕೆಮ್ಮುಗಳಿಂದ ನರಳುತ್ತಿದ್ದ ಹೆಂಗಸರಿಗೆ ಅದು ನಿಜವಾದ ಉಪಕಾರ. ಆದರೆ ಇಂಥ ಒಲೆಗಳು ಕೆಲಸ ಮಾಡಬೇಕಾದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯುತ್ತಿರಬೇಕು. ಒಲೆ ಕಟ್ಟಿಕೊಡಲು ಸರ್ಕಾರದ ಯೋಜನೆಯಿತ್ತು. ವರ್ಷ ವರ್ಷವೂ ಬಂದು ಕೊಳವೆ ಗುಡಿಸುವವರಿರಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಇದೇ ಬಗೆಯ ಚಿಮಣಿ ಒಲೆಗಳನ್ನು ಕೊಟ್ಟು ನಾಲ್ಕು ವರ್ಷ ಗಮನಿಸಿದ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೇಮಾ ಹನ್ನಾ ಅವರ ಅಧ್ಯಯನ ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸಿತು: ಮೊದಲ ವರ್ಷ ಹೊಗೆ ಸೇವನೆ ತಗ್ಗಿತು, ಆಮೇಲೆ ಒಲೆಗಳ ಪಾಲನೆ, ಬಳಕೆ ಎರಡೂ ಕುಸಿದು ಲಾಭ ಉಳಿಯಲಿಲ್ಲ. ಮಲೆನಾಡಿನ ಬಚ್ಚಲೊಲೆ, ಬಾಯ್ಲರುಗಳ ಕೊಳವೆಗೂ ಇದೇ ಮಾತು ಅನ್ವಯಿಸುತ್ತದೆ. ಹೊಗೆ ಹಿಂದಕ್ಕೆ ಉಗುಳತೊಡಗಿದರೆ ಸೌದೆಯನ್ನು ಬೈದು ಪ್ರಯೋಜನವಿಲ್ಲ, ಕೊಳವೆಯನ್ನು ನೋಡಬೇಕು.

ಚಳಿದೇಶಗಳಿಗೆ ಹೋಗಿ ನೆಲೆಸುವ ಕನ್ನಡಿಗರು ಒಂದು ವಿಷಯವನ್ನು ಮರೆಯಬಾರದು. ಕೊಂಡ ಅಥವಾ ಬಾಡಿಗೆಗೆ ಹಿಡಿದ ಹಳೆಯ ಮನೆಯಲ್ಲಿ ಸೌದೆ ಒಲೆಯಿದ್ದರೆ, ಮೊದಲ ಬೆಂಕಿ ಹಚ್ಚುವ ಮುನ್ನ ಪ್ರಮಾಣಪತ್ರವುಳ್ಳ ಕಸಬುದಾರನನ್ನು ಕರೆಸಿ ಚಿಮಣಿಯ ಶುಚಿಕಾರ್ಯವನ್ನೂ ಪರೀಕ್ಷೆಯನ್ನೂ ಮಾಡಿಸಿ. ಒಲೆಯಿರುವ ಕೋಣೆಯಲ್ಲೂ ಮಲಗುವ ಕೋಣೆಯ ಬಳಿಯಲ್ಲೂ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಹಾಕಿಸಿ.